ಸರ್ಪಗಂಧದ ಬೇರು ಮತ್ತು ರಿಸರ್ಪಿನ್: ಔಷಧವಿಜ್ಞಾನದ ಪ್ರವೇಶಕ್ಕೊಂದು ಚರಿತ್ರೆ

ಔಷಧವಿಜ್ಞಾನವನ್ನು ಅಭ್ಯಾಸ ಮಾಡತೊಡಗಿದ ವಿದ್ಯಾರ್ಥಿಗಳಿಗೆ ಆರಂಭದ ಪಾಠಗಳಲ್ಲಿಯೇ ಕೆಲವು ಮಾತುಗಳು ಎದುರಾಗುತ್ತವೆ: ಮೂಲದ್ರವ್ಯ, ಅದರ ಕ್ರಿಯಾಶೀಲ ಸತ್ತ್ವ, ಕೊಡತಕ್ಕ ಪ್ರಮಾಣ, ಪರಿಣಾಮ ತೋರುವ ಕಾಲ, ಬಯಸಿದ ಫಲ, ಬಯಸದ ಫಲ. ಇವುಗಳ ಲಕ್ಷಣಗಳನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುವುದು ಕಷ್ಟವಲ್ಲ. ಆದರೆ ಒಂದೊಂದು ಮಾತಿನ ಹಿಂದೆಯೂ ಎಷ್ಟು ಜನರ ಶ್ರಮ, ಎಷ್ಟು ವರ್ಷಗಳ ತಪ್ಪುದಾರಿ ಅಡಗಿದೆಯೆಂಬುದು ಲಕ್ಷಣವಾಕ್ಯಗಳಿಂದ ತಿಳಿಯುವುದಿಲ್ಲ. ಆದಕಾರಣ ಪ್ರಸ್ತುತ ಲೇಖನದಲ್ಲಿ ನಾವು ಒಂದೇ ಒಂದು ಬೇರನ್ನು ಕೈಗೆತ್ತಿಕೊಂಡು, ಇಪ್ಪತ್ತನೆಯ ಶತಮಾನದಲ್ಲಿ ಅದು ನಡೆದುಬಂದ ದಾರಿಯನ್ನು ವಿವರಿಸಲು ಉದ್ದೇಶಿಸಿದ್ದೇವೆ.

ಆ ಬೇರು ಸರ್ಪಗಂಧದ್ದು. ಕನ್ನಡದಲ್ಲಿ ಇದಕ್ಕೆ ಸೂತ್ರನಾಭಿ ಎಂಬ ಹೆಸರೂ ಉಂಟು. ಕಣಗಿಲೆಯ ಕುಟುಂಬಕ್ಕೆ ಸೇರಿದ ಈ ಸಣ್ಣ ಗಿಡ ಹಿಮಾಲಯದ ತಪ್ಪಲಿನಿಂದ ಹಿಡಿದು ಪಶ್ಚಿಮ ಘಟ್ಟಗಳವರೆಗೆ, ನಮ್ಮ ಮಲೆನಾಡಿನ ತೇವದ ಕಾಡುಗಳ ನೆರಳಿನಲ್ಲಿಯೂ, ಬೆಳೆಯುತ್ತದೆ. ಇದರ ಬೇರಿನಿಂದ ಹಲವು ಸತ್ತ್ವಗಳನ್ನು ಸ್ಫಟಿಕರೂಪದಲ್ಲಿ ಬೇರ್ಪಡಿಸಿದ ಕೀರ್ತಿ 1931ರಲ್ಲಿ ದೆಹಲಿಯ ರಸಾಯನಶಾಸ್ತ್ರಜ್ಞರಿಗೆ ಸಂದಿತು. ಅದೇ ವರ್ಷ ಕಲ್ಕತ್ತೆಯ ವೈದ್ಯರು ಬೇರಿನ ಪುಡಿಯಿಂದ ಉನ್ಮಾದವೂ ರಕ್ತದ ಒತ್ತಡವೂ ಇಳಿಯುವುದನ್ನು ಕಂಡು ಪ್ರಕಟಿಸಿದರು. ಆದರೆ ಈ ಫಲಗಳಿಗೆ ಮುಖ್ಯ ಕಾರಣವಾದ ರಿಸರ್ಪಿನ್ ಎಂಬ ವಸ್ತು ಕೈಗೆ ಸಿಕ್ಕಿದ್ದು 1952ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ನಡುವೆ ಇಪ್ಪತ್ತೊಂದು ವರ್ಷಗಳು ಸಂದುಹೋದವು. ಬೇರು ನಮ್ಮದು, ಅನುಭವ ನಮ್ಮದು, ರಸಾಯನಶಾಸ್ತ್ರಜ್ಞರೂ ನಮ್ಮವರೇ. ಹಾಗಿರಲು ಈ ವಿಳಂಬ ಏಕಾಯಿತು? ಹಣ ಮತ್ತು ಸಲಕರಣೆಗಳ ಕೊರತೆಯೆಂಬ ಉತ್ತರ ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಸುಳ್ಳಲ್ಲ, ಆದರೆ ಸಾಲದು. ಔಷಧವಿಜ್ಞಾನದ ಒಳಗಿನದೇ ಆದ ಒಂದು ಕಾರಣವಿದೆಯೆಂದು ನಮಗೆ ತೋರುತ್ತದೆ. ವಿದ್ಯಾರ್ಥಿಗಳು ಅದನ್ನು ಅರಿತರೆ ಮೇಲೆ ಹೇಳಿದ ಶಬ್ದಗಳೆಲ್ಲ ತಾವಾಗಿಯೇ ಜೀವ ತಳೆಯುತ್ತವೆ.

ಮೊದಲು ಹೆಸರಿನ ವಿಚಾರ. ಸಸ್ಯಶಾಸ್ತ್ರದಲ್ಲಿ ಈ ಗಿಡದ ಹೆಸರು ರಾವೊಲ್ಫಿಯ ಸರ್ಪೆಂಟೈನ. ಲಿಯೊನಾರ್ಡ್ ರಾವೊಲ್ಫ್ ಎಂಬಾತ ಜರ್ಮನಿಯ ಆಗ್ಸ್‌ಬರ್ಗಿನ ವೈದ್ಯ. ಗಿಡಮೂಲಿಕೆಗಳನ್ನು ಅರಸುತ್ತ 1573ರಲ್ಲಿ ಸಿರಿಯ, ಮೆಸೊಪೊಟೇಮಿಯಗಳ ಕಡೆಗೆ ಪ್ರವಾಸ ಹೊರಟವನು. ಅವನು ತೀರಿಕೊಂಡು ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ, 1703ರಲ್ಲಿ, ಫ್ರಾನ್ಸಿನ ಪ್ಲೂಮಿಯೆ ಎಂಬ ಸಸ್ಯಶಾಸ್ತ್ರಜ್ಞ ಅಮೆರಿಕ ಖಂಡದ ಗಿಡಗಳನ್ನು ವರ್ಣಿಸುವಾಗ ಒಂದು ಜಾತಿಗೆ ಆತನ ಹೆಸರಿಟ್ಟ. ಭಾರತದ ಸರ್ಪಗಂಧ ಆ ಜಾತಿಗೆ ಸೇರಿದ್ದೆಂದು ಆಮೇಲೆ ಗೊತ್ತಾಯಿತು. ಹೀಗೆ ಈ ಗಿಡವನ್ನು ಎಂದೂ ಔಷಧವಾಗಿ ಬಳಸದವನೊಬ್ಬನ ಹೆಸರು ಅದಕ್ಕೆ ಅಂಟಿಕೊಂಡಿತು.

ನಮ್ಮ ಪ್ರಾಚೀನ ಗ್ರಂಥಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಸರ್ಪಗಂಧಾ ಎಂಬ ಹೆಸರು ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಬರುವುದು ನಿಜ. ಅದು ಈ ಗಿಡವೇ ಹೌದೋ ಅಲ್ಲವೋ ಎಂಬಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಮ್ಮ ಪೂರ್ವಿಕರು ಇದರಿಂದ ರಕ್ತದ ಒತ್ತಡವನ್ನು ಗುಣಪಡಿಸುತ್ತಿದ್ದರೆಂದು ಕೆಲವರು ಬರೆಯುವುದುಂಟು, ಅದನ್ನು ಒಪ್ಪಲಾಗದು. ತೋಳಿಗೆ ಪಟ್ಟಿ ಸುತ್ತಿ ಒತ್ತಡವನ್ನು ಅಳೆಯುವ ಉಪಾಯವನ್ನು ಇಟಲಿಯ ರಿವಾ-ರೋಚಿ ತಿಳಿಸಿದ್ದು 1896ರಲ್ಲಿ. ನಾಡಿಯ ಸದ್ದನ್ನು ಆಲಿಸಿ ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ಗುರುತಿಸುವ ಕ್ರಮವನ್ನು ರಷ್ಯದ ಕೊರೊಟ್ಕೊಫ್ ಹೇಳಿದ್ದು 1905ರಲ್ಲಿ. ಅಳೆಯುವ ಸಾಧನವಿಲ್ಲದ ಕಾಲದಲ್ಲಿ ಆ ರೋಗಕ್ಕೆ ಹೆಸರೂ ಇರಲಿಲ್ಲ. ಪೂರ್ವಿಕರಿಗೆ ತಿಳಿದಿದ್ದುದು ಬೇರೆ. ಅದು ಕಡಿಮೆಯದೂ ಅಲ್ಲ. ವಿಷಬಾಧೆಗಳಿಗೆ ಈ ಬೇರನ್ನು ಬಳಸುತ್ತಿದ್ದರು. ಬಿಹಾರ ಮೊದಲಾದ ಪ್ರಾಂತಗಳ ಜನ ಇದನ್ನು 'ಪಾಗಲ್ ಕಿ ದವಾ', ಅಂದರೆ ಹುಚ್ಚಿನ ಮದ್ದು, ಎಂದೇ ಕರೆಯುತ್ತಿದ್ದರು. ಉದ್ರಿಕ್ತನಾದವನನ್ನು ಶಾಂತಗೊಳಿಸಿ ನಿದ್ದೆ ಬರಿಸುವ ಗುಣ ಈ ಬೇರಿಗುಂಟೆಂದು ಅವರು ಬಲ್ಲವರಾಗಿದ್ದರು. ಈ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಪ್ರಯೋಗಶಾಲೆಗಳು ಮರೆತದ್ದು ಇದನ್ನೇ.

ದೆಹಲಿಯಲ್ಲಿ ಹಕೀಂ ಅಜ್ಮಲ್ ಖಾನರು ಸ್ಥಾಪಿಸಿದ ಆಯುರ್ವೇದಿಕ್ ಮತ್ತು ಯುನಾನಿ ತಿಬ್ಬಿ ಕಾಲೇಜನ್ನು 1921ರಲ್ಲಿ ಗಾಂಧೀಜಿ ಉದ್ಘಾಟಿಸಿದರು. ದೇಶೀಯ ಮೂಲಿಕೆಗಳನ್ನು ಆಧುನಿಕ ರಸಾಯನಶಾಸ್ತ್ರದ ರೀತಿಯಲ್ಲಿ ಪರೀಕ್ಷಿಸಬೇಕೆಂಬುದು ಹಕೀಮರ ಹಂಬಲವಾಗಿತ್ತು. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ 1927ರಲ್ಲಿ ಡಾಕ್ಟರ್ ಪದವಿ ಪಡೆದು ಬಂದ ಸಲೀಮುಜ್ಜಮಾನ್ ಸಿದ್ದೀಕಿ ಅಲ್ಲಿನ ಸಂಶೋಧನ ಶಾಖೆಯನ್ನು ಕಟ್ಟಿದರು. ಹಕೀಮರು ಮಾತ್ರ 1927ರ ಡಿಸೆಂಬರಿನಲ್ಲಿಯೇ ತೀರಿಕೊಂಡರು. 1931ರಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಸರ್ಪಗಂಧದ ಬೇರಿನಿಂದ ಬೇರ್ಪಡಿಸಿದ ಆಲ್ಕಲಾಯ್ಡುಗಳನ್ನು, ಎಂದರೆ ಸಸ್ಯಜನ್ಯವಾದ ಕ್ಷಾರಸತ್ತ್ವಗಳನ್ನು, ವರ್ಣಿಸಿ ಪ್ರಕಟಿಸಿದರು. ಅವು ಎರಡು ಪಂಗಡಗಳು: ಬಿಳಿಯ ಹರಳುಗಳ ಪಂಗಡ ಒಂದು, ಹಳದಿಯ ಹರಳುಗಳ ಪಂಗಡ ಇನ್ನೊಂದು. ಬಿಳಿಯ ಪಂಗಡಕ್ಕೆ ಅಜ್ಮಲಿನ್, ಅಜ್ಮಲಿನಿನ್, ಅಜ್ಮಲಿಸಿನ್ ಎಂದು ಗತಿಸಿದ ಹಕೀಮರ ಹೆಸರನ್ನೇ ಇಟ್ಟರು. ಹಳದಿಯವು ಸರ್ಪೆಂಟಿನ್ ಮತ್ತು ಸರ್ಪೆಂಟಿನಿನ್. ಆ ಕಾಲದ ಸಲಕರಣೆಗಳನ್ನು ನೆನೆದರೆ ಈ ಕೆಲಸದ ಅಚ್ಚುಕಟ್ಟು ಇಂದಿಗೂ ಮೆಚ್ಚತಕ್ಕದ್ದು.

ಇತ್ತ ಕಲ್ಕತ್ತೆಯಲ್ಲಿ ಅದೇ 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಉನ್ಮಾದಕ್ಕೂ ರಕ್ತದ ಏರೊತ್ತಡಕ್ಕೂ ಸರ್ಪಗಂಧ ಒಂದು ಹೊಸ ಭಾರತೀಯ ಔಷಧವೆಂದು ಬರೆದರು. ಅವರು ಕೊಟ್ಟದ್ದು ಹರಳುಗಳನ್ನಲ್ಲ. ಇಡಿಯ ಬೇರಿನ ಪುಡಿಯನ್ನು. ಪ್ರಮಾಣ, ದಿನಕ್ಕೆ ಎರಡು ಬಾರಿ 20ರಿಂದ 30 ಗ್ರೇನ್. ಇದರಿಂದ ನಿದ್ದೆ ಬರುವುದಷ್ಟೇ ಅಲ್ಲದೆ ಒತ್ತಡವೂ ಇಳಿಯಿತು, ಉದ್ರೇಕವೂ ತಗ್ಗಿತು. ಫಲ ತೋರಲು ದಿನಗಳೇ ಹಿಡಿಯುತ್ತಿದ್ದವೆಂಬುದು ಅವರ ವರದಿಯಲ್ಲಿ ನಮಗೆ ಮುಖ್ಯವಾಗಿ ಕಾಣುವ ಅಂಶ.

ಇವೆರಡು ಪ್ರಕಟಣೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ಪ್ರಶ್ನೆ ಏಳಲೇಬೇಕು. ಕಲ್ಕತ್ತೆಯ ರೋಗಿಗಳನ್ನು ಶಾಂತಗೊಳಿಸಿದ ವಸ್ತು ದೆಹಲಿಯ ಐದು ಹರಳುಗಳಲ್ಲಿ ಯಾವುದು? ಉತ್ತರ, ಯಾವುದೂ ಅಲ್ಲ ಎಂಬುದು. ಆದರೆ ಅದು ಗೊತ್ತಾಗಲು ಪ್ರಶ್ನೆಯನ್ನು ಸರಿಯಾಗಿ ಕೇಳಬೇಕಾಗಿತ್ತು.

ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿ ಔಷಧವಿಜ್ಞಾನದ ಪ್ರಾಧ್ಯಾಪಕರಾಗಿದ್ದ ರಾಮನಾಥ ಚೋಪ್ರಾ ಈ ವಿಷಯವನ್ನು ಕೈಗೆತ್ತಿಕೊಂಡರು. ಕೇಂಬ್ರಿಜ್ಜಿನಲ್ಲಿ ತರಬೇತಿ ಪಡೆದ ಚೋಪ್ರಾ ನಮ್ಮ ದೇಶದಲ್ಲಿ ಈ ಶಾಸ್ತ್ರಕ್ಕೆ ತಳಹದಿ ಹಾಕಿದವರು. 1930ರಲ್ಲಿ ನೇಮಕವಾದ ಔಷಧ ವಿಚಾರಣಾ ಸಮಿತಿಯ ಅಧ್ಯಕ್ಷರೂ ಅವರೇ. ಆ ಸಮಿತಿಯ ಶಿಫಾರಸುಗಳೇ 1940ರ ಔಷಧ ಕಾಯಿದೆಗೆ ದಾರಿ ಮಾಡಿದವು. 1933ರಲ್ಲಿ ಚೋಪ್ರಾ, ಗುಪ್ತ ಮತ್ತು ಮುಖರ್ಜಿ ಸರ್ಪಗಂಧದ ಒಂದು ಆಲ್ಕಲಾಯ್ಡಿನ ಕ್ರಿಯೆಯನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿ ಪ್ರಕಟಿಸಿದರು. ರಕ್ತದ ಒತ್ತಡ ಇಳಿಯಿತು. ಬೇರು ಒತ್ತಡವನ್ನು ಇಳಿಸುತ್ತದೆ, ಅದರ ಹರಳೂ ಇಳಿಸುತ್ತದೆ. ಇನ್ನೇನು ಬೇಕು ಎಂದು ಯಾರಿಗಾದರೂ ತೋರುವುದು ಸಹಜ.

ಇಲ್ಲಿಯೇ ವಿಷಯದ ಗಂಟು ಇರುವುದು. ಆ ಕಾಲದ ಪ್ರಯೋಗಕ್ರಮವನ್ನು ವಿದ್ಯಾರ್ಥಿಗಳು ಊಹಿಸಿಕೊಳ್ಳಬೇಕು. ಪ್ರಾಣಿಗೆ ಅರಿವಳಿಕೆ ಕೊಟ್ಟು, ಧಮನಿಗೆ ನಳಿಕೆಯನ್ನು ಸೇರಿಸಿ, ಒತ್ತಡದ ಏರಿಳಿತವನ್ನು ಹೊಗೆ ಹಿಡಿಸಿದ ಕಾಗದದ ಉರುಳೆಯ ಮೇಲೆ ಗೀಚುವಂತೆ ಮಾಡುವುದು. ಔಷಧವನ್ನು ರಕ್ತನಾಳಕ್ಕೆ ಚುಚ್ಚಿ, ಗೆರೆ ಕೆಳಗಿಳಿಯುವುದೋ ಮೇಲೇರುವುದೋ ಎಂದು ಕಾಯುವುದು. ಇದು ಬಹಳ ಉಪಯುಕ್ತವಾದ ಕ್ರಮ. ಆದರೆ ಇದು ತೋರಿಸುವುದು ನಿಮಿಷಗಳ ಲೆಕ್ಕದ, ಹೆಚ್ಚೆಂದರೆ ಕೆಲವು ಗಂಟೆಗಳ ಪರಿಣಾಮವನ್ನು. ನಿಧಾನವಾಗಿ ಒಳಗಿಳಿದು ದಿನಗಳ ಮೇಲೆ ಕೆಲಸ ಮಾಡುವ ವಸ್ತು ಈ ಗೆರೆಯ ಮೇಲೆ ತನ್ನ ಗುರುತನ್ನು ಬಹುಮಟ್ಟಿಗೆ ಬಿಡುವುದಿಲ್ಲ. ಅದಲ್ಲದೆ, ಅರಿವಳಿಕೆಯಲ್ಲಿ ಮಲಗಿರುವ ಪ್ರಾಣಿ ಶಾಂತವಾಯಿತೋ ಇಲ್ಲವೋ ಎಂದು ಯಾರು ಹೇಳಬಲ್ಲರು? ಆಗಲೇ ನಿದ್ದೆಯಲ್ಲಿರುವುದಕ್ಕೆ ನಿದ್ದೆಯ ಮದ್ದನ್ನು ಕೊಟ್ಟು ಪರೀಕ್ಷಿಸಿದಂತೆ. ಬಿಹಾರದ ಹಳ್ಳಿಯವನು ಕಂಡಿದ್ದ ಗುಣವನ್ನು ಕಾಣಲು ಈ ಪ್ರಯೋಗಕ್ಕೆ ಕಣ್ಣೇ ಇರಲಿಲ್ಲ. ಸರ್ಪಗಂಧದ ಹಲವು ಆಲ್ಕಲಾಯ್ಡುಗಳು ರಕ್ತನಾಳಕ್ಕೆ ಚುಚ್ಚಿದಾಗ ಒತ್ತಡವನ್ನು ಸ್ವಲ್ಪ ಹೊತ್ತು ಇಳಿಸಬಲ್ಲವು. ಬಾಯಿಂದ ಪುಡಿಯನ್ನು ನುಂಗಿದ ರೋಗಿಯಲ್ಲಿ ವಾರಗಟ್ಟಲೆ ಇಳಿದ ಒತ್ತಡ ಬೇರೆಯೇ ಸಂಗತಿ. ಹೆಸರು ಒಂದೇ ಆದುದರಿಂದ ಎರಡೂ ಒಂದೇ ಎಂದು ಭಾವಿಸಲು ಅವಕಾಶವಾಯಿತು.

ಈ ತಪ್ಪು ಎಂದಾದರೂ ತಿದ್ದಿಕೊಳ್ಳಬೇಕಾದದ್ದೇ; ಅದನ್ನು ತಿದ್ದತೊಡಗಿದವರೂ ನಮ್ಮವರೇ ಎಂಬುದನ್ನು ವಿದೇಶದ ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. 1943ರಲ್ಲಿ ಚೋಪ್ರಾ ಮತ್ತು ಅವರ ಸಹೋದ್ಯೋಗಿಗಳು ನಿದ್ದೆ ಬರಿಸುವ ಗುಣ ಬೇರಿನ ಯಾವ ಭಾಗದಲ್ಲಿದೆಯೆಂದು ಹುಡುಕಹೊರಟರು. 1944ರಲ್ಲಿ ಗುಪ್ತ, ಕಹಾಲಿ ಮತ್ತು ದತ್ತ ಪ್ರಕಟಿಸಿದ ಫಲಿತಾಂಶ ಕುತೂಹಲಕರವಾಗಿದೆ. ಸಾರದಿಂದ ಹರಳಾಗುವ ಸತ್ತ್ವಗಳನ್ನೆಲ್ಲ ತೆಗೆದ ಮೇಲೆ ಉಳಿಯುವ ರಾಳದಂಥ ಅಂಶವಿದೆಯಷ್ಟೆ; ನಿದ್ದೆ ಬರಿಸುವ ಗುಣ ಇದ್ದದ್ದು ಅದರಲ್ಲಿ! ರಸಾಯನಶಾಸ್ತ್ರಜ್ಞನಿಗೆ ರಾಳವೆಂದರೆ ಕಿರಿಕಿರಿಯ ವಸ್ತು. ಅಂಟಂಟು, ಹರಳಾಗದು, ಕರಗುವ ಬಿಂದು ನಿಲ್ಲದು. ಹರಳು ಕಣ್ಣಿಗೆ ಚೆನ್ನ, ಅದಕ್ಕೆ ಸೂತ್ರ ಬರೆಯಬಹುದು, ಹೆಸರಿಡಬಹುದು. ಹೀಗಾಗಿ ಬೆಲೆಯುಳ್ಳದ್ದು ಗಸಿಯಲ್ಲಿ ಉಳಿಯಿತು. ಕಲ್ಕತ್ತೆಯ ಕೆಲಸಗಾರರು ಬಾಗಿಲಿನವರೆಗೂ ಬಂದಿದ್ದರು. ಆ ರಾಳವನ್ನು ಒಡೆದು ಅದರೊಳಗಿನ ಒಂದು ಶುದ್ಧ ವಸ್ತುವನ್ನು ಹೊರಗೆಳೆಯುವ ಕೊನೆಯ ಹೆಜ್ಜೆ ಮಾತ್ರ ಅಲ್ಲಿ ಆಗಲಿಲ್ಲ. ಹಣ ಮತ್ತು ಸಲಕರಣೆಯ ಮಾತು ಸಲ್ಲುವುದು ಇಲ್ಲಿ. ಅದಕ್ಕೆ ಹಿಂದಿನ ಹನ್ನೆರಡು ವರ್ಷಗಳಿಗೆ ಅಲ್ಲ.

ಈ ನಡುವೆ ವೈದ್ಯರು ಪ್ರಯೋಗಶಾಲೆಗಾಗಿ ಕಾಯುತ್ತ ಕುಳಿತಿರಲಿಲ್ಲ. ಡೆಹರಾಡೂನಿನಲ್ಲಿ 1930ರಲ್ಲಿ ಆರಂಭವಾದ ಹಿಮಾಲಯ ಡ್ರಗ್ ಕಂಪನಿ 1934ರಲ್ಲಿ 'ಸರ್ಪಿನಾ' ಎಂಬ ಮಾತ್ರೆಯನ್ನು ಹೊರತಂದಿತು. (ಇದೇ ಸಂಸ್ಥೆ 1975ರಲ್ಲಿ ಬೆಂಗಳೂರಿನ ಬಳಿ ಕಾರ್ಖಾನೆ ತೆರೆದು ನಮ್ಮ ನಾಡಿಗೆ ಪರಿಚಿತವಾಯಿತು.) ಬೊಂಬಾಯಿಯ ಹೃದ್ರೋಗ ವೈದ್ಯ ರುಸ್ತುಂ ಜಾಲ್ ವಕೀಲರು ಈ ಬೇರನ್ನು ಹಲವು ವರ್ಷ ಬಳಸಿ, 50 ರೋಗಿಗಳ ಅನುಭವವನ್ನು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಔಷಧವನ್ನು ನಾಲ್ಕು ವಾರ ಕೊಟ್ಟು ಒತ್ತಡವನ್ನು ಅಳೆದದ್ದು ಆ ಲೇಖನದ ಹೆಚ್ಚುಗಾರಿಕೆ. ನಿಮಿಷದ ಗೆರೆಯನ್ನು ಬಿಟ್ಟು ವಾರದ ಲೆಕ್ಕವನ್ನು ಹಿಡಿದ ಕೂಡಲೆ ಬೇರಿನ ಗುಣ ಅಂಕಿಗಳಲ್ಲಿ ಮೂಡಿತು. ಆ ಲೇಖನವನ್ನು ಓದಿದ ಅಮೆರಿಕದ ಬಾಸ್ಟನ್ ನಗರದ ರಾಬರ್ಟ್ ವಿಲ್ಕಿನ್ಸ್ ಬೇರನ್ನು ತರಿಸಿ ತಮ್ಮ ರೋಗಿಗಳಿಗೆ ಕೊಟ್ಟು ನೋಡಿದರು. ಒತ್ತಡ ಮೆಲ್ಲಗೆ ಇಳಿಯುವುದನ್ನೂ ರೋಗಿಗಳಲ್ಲಿ ಒಂದು ಬಗೆಯ ನೆಮ್ಮದಿ ಮೂಡುವುದನ್ನೂ ಅವರು ಗುರುತಿಸಿದರು. ವಕೀಲರಿಗೆ 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ದೊರೆಯಿತು.

ಬಾಸೆಲ್ ನಗರದ ಸೀಬಾ ಕಂಪನಿಯಲ್ಲಿ ಮ್ಯೂಲರ್ ಮತ್ತು ಶ್ಲಿಟ್ಲರ್ ಎಂಬ ರಸಾಯನಶಾಸ್ತ್ರಜ್ಞರು ಬೇರಿನ ರಾಳಭಾಗವನ್ನು ಒಡೆಯುತ್ತ ಹೋದರು. ಪ್ರತಿಯೊಂದು ಭಾಗವನ್ನೂ ಹ್ಯೂಗೋ ಬೈನ್ ಎಂಬ ಔಷಧವಿಜ್ಞಾನಿ ಎಚ್ಚರದಲ್ಲಿರುವ ಪ್ರಾಣಿಗಳ ನಡವಳಿಕೆಯ ಮೇಲೂ ಪರೀಕ್ಷಿಸಿ, ಗುಣ ಯಾವ ಭಾಗದಲ್ಲಿ ಉಳಿಯಿತೆಂದು ಹೇಳಬೇಕು. ಆ ಭಾಗವನ್ನು ರಸಾಯನಶಾಸ್ತ್ರಜ್ಞರು ಮತ್ತೆ ಒಡೆಯಬೇಕು. ಕೊನೆಗೆ 1952ರಲ್ಲಿ ರಿಸರ್ಪಿನ್ ಎಂಬ ಹರಳು ಕೈಗೆ ಬಂತು. ಅದರ ಪರಿಣಾಮ ತಡವಾಗಿ ತೊಡಗಿ ಬಹಳ ಹೊತ್ತು ನಿಲ್ಲುತ್ತದೆಂಬುದನ್ನು ಬೈನ್ ಗಮನಿಸಿದರು. ಬಾಸೆಲ್ಲಿನವರ ಹಿರಿಮೆ ಹರಳನ್ನು ತೆಗೆದದ್ದರಲ್ಲಿ ಮಾತ್ರವಿಲ್ಲ. ಹರಳಿನ ಹಿಂದೆ ಹೋಗದೆ ಗುಣದ ಹಿಂದೆ ಹೋದದ್ದರಲ್ಲಿದೆ. ರಿಸರ್ಪಿನ್ ಭಾರತದ ಕೊಡುಗೆ, ವಿದೇಶೀಯರು ಕಸಿದುಕೊಂಡರು ಎಂದು ನಮ್ಮಲ್ಲಿ ಹೇಳುವವರಿದ್ದಾರೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಔಷಧವೆಂದು ಬರೆಯುವವರೂ ಇದ್ದಾರೆ. ಮೇಲಿನ ವೃತ್ತಾಂತವನ್ನು ಓದಿದವರು ಎರಡನ್ನೂ ಒಪ್ಪಲಾರರು.

ಈಗ ಪ್ರಮಾಣದ ವಿಚಾರಕ್ಕೆ ಬರೋಣ. ಇದನ್ನು ವಿದ್ಯಾರ್ಥಿಗಳು ಕೈಯಲ್ಲಿ ಸೀಸದಕಡ್ಡಿ ಹಿಡಿದು ತಾವೇ ಲೆಕ್ಕ ಹಾಕಬೇಕೆಂದು ನಮ್ಮ ಅಪೇಕ್ಷೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಸೇನ್ ಮತ್ತು ಬೋಸ್ ಕೊಟ್ಟ ಪುಡಿ ದಿನಕ್ಕೆ 40ರಿಂದ 60 ಗ್ರೇನ್, ಅಂದರೆ ಸುಮಾರು 2.6ರಿಂದ 3.9 ಗ್ರಾಂ. ಒಳ್ಳೆಯ ಬೇರಿನಲ್ಲಿ ರಿಸರ್ಪಿನ್ ಮತ್ತು ಅದರ ಹತ್ತಿರದ ಬಂಧುವಾದ ಸತ್ತ್ವ ಸೇರಿ ನೂರಕ್ಕೆ 0.15 ಭಾಗವಾದರೂ ಇರಬೇಕೆಂಬುದು ಔಷಧ ಸಂಹಿತೆಯ ಮಟ್ಟ. ಹಾಗಾದರೆ ಆ ಪುಡಿಯಲ್ಲಿ ರೋಗಿಗೆ ಸಂದದ್ದು ದಿನಕ್ಕೆ ಸುಮಾರು 4ರಿಂದ 6 ಮಿಲಿಗ್ರಾಂ. ಏರೊತ್ತಡಕ್ಕೆ ನಂತರದ ದಿನಗಳಲ್ಲಿ ರೂಢಿಗೆ ಬಂದ ರಿಸರ್ಪಿನ್ನಿನ ಪ್ರಮಾಣ ದಿನಕ್ಕೆ 0.1ರಿಂದ 0.25 ಮಿಲಿಗ್ರಾಂ ಮಾತ್ರ! ಉನ್ಮಾದಕ್ಕೆ ಬೇಕಾದದ್ದಕ್ಕೂ ಒತ್ತಡಕ್ಕೆ ಸಾಕಾಗುವುದಕ್ಕೂ ಇಪ್ಪತ್ತು ಪಟ್ಟಿನಷ್ಟು ಅಂತರ. ಒಂದೇ ವಸ್ತು ಒಂದು ಪ್ರಮಾಣದಲ್ಲಿ ಹೃದ್ರೋಗ ವೈದ್ಯನ ಔಷಧ, ಇನ್ನೊಂದು ಪ್ರಮಾಣದಲ್ಲಿ ಮನೋರೋಗ ವೈದ್ಯನ ಔಷಧ. ಇಡಿಯ ಬೇರನ್ನೇ ನೆಚ್ಚಿದಾಗ ಈ ಅಂತರವನ್ನು ಕಾಯ್ದುಕೊಳ್ಳುವುದು ಸುಲಭವಲ್ಲ. ನೆಲ, ಋತು, ಬೇರಿನ ವಯಸ್ಸು ಇವುಗಳಿಂದ ಸತ್ತ್ವದ ಅಂಶ ಹೆಚ್ಚುಕಡಿಮೆಯಾಗುತ್ತದೆ. ಬಿಹಾರದ ಬೇರೂ ಡೆಹರಾಡೂನಿನ ಬೇರೂ ಗುಣದಲ್ಲಿ ಸಮನಲ್ಲವೆಂಬುದನ್ನು ನಮ್ಮ ಸಂಶೋಧಕರು ಆಗಲೇ ಕಂಡಿದ್ದರು. ಶುದ್ಧವಸ್ತುವನ್ನು ಬೇರ್ಪಡಿಸುವುದರ ನಿಜವಾದ ಲಾಭ ಇದು: ತೂಗಿದ್ದು ತೂಗಿದಷ್ಟೇ ಆಗಿರುತ್ತದೆ.

ಬೇರಿನ ಪುಡಿ ಹುಚ್ಚಿನ ಮದ್ದೆಂಬ ಹಳೆಯ ಮಾತು 1954ರಲ್ಲಿ ಹೊಸ ಜನ್ಮ ಪಡೆಯಿತು. ನ್ಯೂಯಾರ್ಕ್ ಪ್ರಾಂತದ ರಾಕ್‌ಲೆಂಡ್ ಮಾನಸಿಕ ಆಸ್ಪತ್ರೆಯ ನೇಥನ್ ಕ್ಲೈನ್ ತಮ್ಮ ರೋಗಿಗಳಲ್ಲಿ ಇದರ ಪರಿಣಾಮವನ್ನು ವರದಿ ಮಾಡಿದರು. ಕೆಲವು ವರ್ಷ ರಿಸರ್ಪಿನ್ ಪಾಶ್ಚಾತ್ಯ ಮಾನಸಿಕ ಆಸ್ಪತ್ರೆಗಳಲ್ಲೆಲ್ಲ ಬಳಕೆಯಾಯಿತು. ಅದೇ ಕಾಲದಲ್ಲಿ ಫ್ರಾನ್ಸಿನಿಂದ ಬಂದ ಕ್ಲೋರ್‌ಪ್ರೊಮಜಿನ್ ಬೇಗ ಫಲ ಕೊಡುತ್ತಿದ್ದುದರಿಂದ ರಿಸರ್ಪಿನ್ ಈ ಕ್ಷೇತ್ರದಲ್ಲಿ ಹಿಂದೆ ಬಿತ್ತು. ಆದರೆ ಹೋಗುವ ಮುನ್ನ ಅದು ಶಾಸ್ತ್ರಕ್ಕೆ ಮಾಡಿದ ಉಪಕಾರ ರೋಗಿಗಳಿಗೆ ಮಾಡಿದ ಉಪಕಾರಕ್ಕಿಂತ ದೊಡ್ಡದೆಂದರೂ ನಡೆದೀತು.

ಅಮೆರಿಕದ ಬೆಥೆಸ್ಡದಲ್ಲಿ ಬರ್ನಾರ್ಡ್ ಬ್ರೋಡಿಯವರ ಪ್ರಯೋಗಶಾಲೆ 1955ರಲ್ಲಿ, ರಿಸರ್ಪಿನ್ ಕೊಟ್ಟ ಪ್ರಾಣಿಯ ದೇಹದಲ್ಲಿ ಸೆರಟೋನಿನ್ ಎಂಬ ವಸ್ತು ತನ್ನ ನೆಲೆಗಳಿಂದ ಬಿಡುಗಡೆಯಾಗಿ ಬರಿದಾಗುತ್ತದೆಂದು ತೋರಿಸಿತು. ಔಷಧವೊಂದು ಮನಸ್ಸನ್ನು ಬದಲಿಸುವುದಕ್ಕೂ ಮಿದುಳಿನ ಒಂದು ರಾಸಾಯನಿಕ ವಸ್ತು ಕಡಿಮೆಯಾಗುವುದಕ್ಕೂ ಸಂಬಂಧವಿದೆಯೆಂಬ ವಿಚಾರ ಅಂದು ತೀರ ಹೊಸದು. ಮರುವರ್ಷವೇ ನಾರ್‌ಅಡ್ರಿನಲಿನ್ ಕೂಡ ಹಾಗೆಯೇ ಬರಿದಾಗುವುದು ತಿಳಿಯಿತು. ಬ್ರೋಡಿಯವರಲ್ಲಿ ಕೆಲವು ತಿಂಗಳು ಕಲಿತು ಹಿಂದಿರುಗಿದ ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ 1957ರಲ್ಲಿ ಒಂದು ಪ್ರಯೋಗ ಮಾಡಿದರು. ರಿಸರ್ಪಿನ್ ಪಡೆದ ಮೊಲಗಳು ಕಿವಿ ಇಳಿಬಿಟ್ಟು ಅಲುಗಾಡದೆ ಮುದುರಿ ಕುಳಿತಿದ್ದವು. ಅವಕ್ಕೆ ಡೋಪಾ ಎಂಬ ವಸ್ತುವನ್ನು ಚುಚ್ಚಿದಾಗ ಸ್ವಲ್ಪ ಹೊತ್ತಿನಲ್ಲಿಯೇ ಕಿವಿ ನಿಗುರಿಸಿ ಓಡಾಡತೊಡಗಿದವು. ಸೆರಟೋನಿನ್ನಿಗೆ ಮೂಲವಾದ ವಸ್ತುವನ್ನು ಕೊಟ್ಟರೆ ಹೀಗಾಗಲಿಲ್ಲ. ಡೋಪಾದಿಂದ ಮಿದುಳಿನಲ್ಲಿ ಉಂಟಾಗುವ ಡೋಪಮಿನ್ ತನ್ನಷ್ಟಕ್ಕೆ ತಾನೇ ಒಂದು ಸಂದೇಶವಾಹಕವೆಂದು ಇದರಿಂದ ಸ್ಥಾಪಿತವಾಗತೊಡಗಿತು. ಪಾರ್ಕಿನ್ಸನ್ ರೋಗದ ನಡುಕ ಮತ್ತು ಬಿಗಿತಕ್ಕೆ ಡೋಪಾ ಚಿಕಿತ್ಸೆ 1961ರಿಂದ ಆರಂಭವಾದದ್ದು ಇದೇ ದಾರಿಯಲ್ಲಿ. ಕಾರ್ಲ್ಸನ್ನರಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ಬಂತು.

ಕ್ರಿಯೆಯ ಮರ್ಮವನ್ನು ಇಂದಿನ ತಿಳಿವಳಿಕೆಗೆ ಅನುಸಾರವಾಗಿ ಹೀಗೆ ಹೇಳಬಹುದು. ನರದ ತುದಿಯಲ್ಲಿ ಸಂದೇಶವಾಹಕ ವಸ್ತುಗಳನ್ನು ತುಂಬಿಡುವ ಅತಿ ಸಣ್ಣ ಚೀಲಗಳಿವೆ. ನರಸತ್ತ್ವವನ್ನು ಈ ಚೀಲದೊಳಕ್ಕೆ ಸಾಗಿಸುವ ಒಂದು ಪ್ರೋಟೀನು ಚೀಲದ ಗೋಡೆಯಲ್ಲಿ ಇದೆ. ರಿಸರ್ಪಿನ್ ಅದಕ್ಕೆ ಬಿಗಿಯಾಗಿ ಅಂಟಿಕೊಂಡು ಸಾಗಣೆಯನ್ನು ನಿಲ್ಲಿಸುತ್ತದೆ. ಹೊರಗುಳಿದ ಸತ್ತ್ವವನ್ನು ನರದೊಳಗಿನ ಕಿಣ್ವವೊಂದು ಒಡೆದುಹಾಕುತ್ತದೆ, ಕಣಜ ಬರಿದಾಗುತ್ತದೆ. ಇದ್ದ ದಾಸ್ತಾನು ಖರ್ಚಾಗಲು ಕಾಲ ಬೇಕು. ಆದುದರಿಂದ ಪರಿಣಾಮ ತಡ. ಹಾಳಾದ ಚೀಲಗಳ ಬದಲು ಹೊಸವು ಕಟ್ಟಲ್ಪಡಲು ದಿನಗಳು, ವಾರಗಳು ಬೇಕು. ಆದುದರಿಂದ ಔಷಧವನ್ನು ನಿಲ್ಲಿಸಿದ ಮೇಲೂ ಫಲ ಉಳಿಯುತ್ತದೆ. 1933ರ ಉರುಳೆಕಾಗದ ಏಕೆ ಮೌನವಾಗಿತ್ತೆಂಬುದಕ್ಕೆ ಸಮಾಧಾನ ಇಲ್ಲಿದೆ.

ಬಯಸದ ಫಲಗಳೂ ಇದೇ ಮೂಲದಿಂದ ಬರುತ್ತವೆ. ಅವುಗಳ ಪಟ್ಟಿಯನ್ನು ಉರು ಹಾಕುವ ಅಗತ್ಯವಿಲ್ಲ. ರಕ್ತನಾಳಗಳನ್ನು ಬಿಗಿಹಿಡಿಯುವ ನರಗಳು ದುರ್ಬಲವಾದರೆ ಮೂಗಿನ ಒಳಪೊರೆ ಊದಿ ಮೂಗು ಕಟ್ಟುತ್ತದೆ. ಎದುರಾಳಿ ನರಗಳಿಗೆ ಅಂಕೆಯಿಲ್ಲದಂತಾಗಿ ನಾಡಿ ನಿಧಾನವಾಗುತ್ತದೆ, ಜಠರಾಮ್ಲ ಹೆಚ್ಚುತ್ತದೆ, ಭೇದಿಯಾಗುತ್ತದೆ. ಮಿದುಳಿನಲ್ಲಿ ಡೋಪಮಿನ್ ಬರಿದಾದರೆ ಪಾರ್ಕಿನ್ಸನ್ ರೋಗದಂಥದೇ ಬಿಗಿತ ಕಾಣುತ್ತದೆ. ಎಲ್ಲಕ್ಕಿಂತ ಕಳವಳಕಾರಿಯಾದದ್ದು ಮನಸ್ಸಿನ ಕುಗ್ಗು. ವಾಷಿಂಗ್ಟನ್ನಿನ ವೈದ್ಯ ಎಡ್ವರ್ಡ್ ಫ್ರೈಸ್ 1954ರಲ್ಲಿಯೇ, ಹೆಚ್ಚಿನ ಪ್ರಮಾಣವನ್ನು ದೀರ್ಘಕಾಲ ತೆಗೆದುಕೊಂಡ ಏರೊತ್ತಡದ ರೋಗಿಗಳಲ್ಲಿ ಗಾಢವಾದ ಖಿನ್ನತೆ ಕಂಡದ್ದನ್ನು ಪ್ರಕಟಿಸಿ ಎಚ್ಚರಿಸಿದರು. ರೋಗಿಯನ್ನು ಶಾಂತಗೊಳಿಸಿದ ಗುಣವೇ ಅಳತೆ ಮೀರಿ ಅವನನ್ನು ಕತ್ತಲೆಗೆ ತಳ್ಳಿತೆಂದು ಆಗ ಎಲ್ಲರೂ ಭಾವಿಸಿದರು. ಸಣ್ಣ ಪ್ರಮಾಣದಲ್ಲಿ ಈ ಅಪಾಯ ಎಷ್ಟೆಂಬ ಬಗ್ಗೆ ಈಚಿನ ವಿಮರ್ಶಕರಲ್ಲಿ ಭಿನ್ನಾಭಿಪ್ರಾಯವುಂಟು. ಖಿನ್ನತೆಗೆ ಮಿದುಳಿನ ಇಂಥ ವಸ್ತುಗಳ ಕೊರತೆಯೇ ಕಾರಣವೆಂಬ ಅರವತ್ತರ ದಶಕದ ಸಿದ್ಧಾಂತಕ್ಕೆ ರಿಸರ್ಪಿನ್ ದೊಡ್ಡ ಆಧಾರವಾಗಿತ್ತಾದರೂ, ಆ ಸಿದ್ಧಾಂತವನ್ನು ಅಷ್ಟು ಸರಳವಾಗಿ ಈಗ ಯಾರೂ ಹಿಡಿದಿಲ್ಲ.

ಹೀಗೆ ಎಚ್ಚರಿಸಿದ ಫ್ರೈಸರೇ ಮುಂದೆ ಈ ಔಷಧವನ್ನು ಅತ್ಯಂತ ಮುಖ್ಯವಾದ ಪರೀಕ್ಷೆಯೊಂದರಲ್ಲಿ ಬಳಸಿದರು. ಏರೊತ್ತಡವನ್ನು ಔಷಧದಿಂದ ಇಳಿಸಿದರೆ ರೋಗಿಗೆ ನಿಜವಾಗಿ ಹಿತವೇ, ಅಥವಾ ಅಂಕಿ ಮಾತ್ರ ಇಳಿದೀತೇ ಎಂಬ ಸಂದೇಹ ಅರವತ್ತರ ದಶಕದಲ್ಲಿಯೂ ವೈದ್ಯರಲ್ಲಿ ಇತ್ತು. ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ಫ್ರೈಸರ ನೇತೃತ್ವದಲ್ಲಿ ನಡೆದು 1967ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆಳಗಿನ ಅಂಕಿ 115ರಿಂದ 129ರವರೆಗೆ ಇದ್ದ 143 ಪುರುಷರಲ್ಲಿ ಕೆಲವರಿಗೆ ಮೂರು ಔಷಧಗಳ ಮಿಶ್ರಣವನ್ನೂ ಉಳಿದವರಿಗೆ ಹುಸಿಮಾತ್ರೆಯನ್ನೂ ಕೊಡಲಾಯಿತು. ಮಿಶ್ರಣದಲ್ಲಿದ್ದ ಒಂದು ರಿಸರ್ಪಿನ್, ದಿನಕ್ಕೆ 0.2 ಮಿಲಿಗ್ರಾಂ. ಹುಸಿಮಾತ್ರೆ ಪಡೆದವರಲ್ಲಿ ಗಂಭೀರವಾದ ತೊಂದರೆಗಳು ಎಷ್ಟೋ ಹೆಚ್ಚಾಗಿ ಕಂಡುಬಂದವು. ರಕ್ತದ ಒತ್ತಡಕ್ಕೆ ಇಂದು ಮಾತ್ರೆ ನುಂಗುವ ಪ್ರತಿಯೊಬ್ಬರ ಚಿಕಿತ್ಸೆಯ ಸಮರ್ಥನೆಯೂ ಅಂಥ ಅಧ್ಯಯನಗಳಿಂದಲೇ ತೊಡಗುತ್ತದೆ.

ಹೊಸ ಔಷಧಗಳು ಬಂದಂತೆ ರಿಸರ್ಪಿನ್ ವೈದ್ಯರ ಕೈಯಿಂದ ಜಾರುತ್ತ ಹೋಗಿ ಈಗ ಅಪರೂಪವಾಗಿದೆ. ಅದರ ಕ್ರಿಯಾಸ್ಥಾನದ ಜ್ಞಾನ ಮಾತ್ರ ವ್ಯರ್ಥವಾಗಲಿಲ್ಲ. ಅದೇ ಸಾಗಣೆಯನ್ನು ತಾತ್ಕಾಲಿಕವಾಗಿ ಮಾತ್ರ ತಡೆಯುವ ಟೆಟ್ರಬೆನಜಿನ್ ಎಂಬ ಕೃತಕ ಔಷಧವನ್ನು ಹಂಟಿಂಗ್ಟನ್ ರೋಗದ ಅಂಕೆಯಿಲ್ಲದ ಚಲನೆಗಳಿಗೆ ಇಂದಿಗೂ ಕೊಡುತ್ತಾರೆ. ಗಿಡಕ್ಕಾದರೋ ಕೀರ್ತಿಯಿಂದ ಕೇಡೇ ಆಯಿತು. ಬೇರಿಗಾಗಿ ಇಡೀ ಗಿಡವನ್ನು ಕೀಳಬೇಕಷ್ಟೆ. ಬೇಡಿಕೆ ಏರಿದಂತೆ ಕಾಡುಗಳಲ್ಲಿ ಅದು ವಿರಳವಾಯಿತು. ಔಷಧ ತಯಾರಕರು ಆಫ್ರಿಕದ ಇನ್ನೊಂದು ರಾವೊಲ್ಫಿಯ ಪ್ರಭೇದದ ಕಡೆಗೆ ತಿರುಗಿದರು. 1990ರಿಂದ ಸರ್ಪಗಂಧ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಯಂತ್ರಣವಿರುವ ಸಸ್ಯಗಳ ಪಟ್ಟಿಯಲ್ಲಿದೆ.

ದೆಹಲಿಯ ಹರಳುಗಳ ಗತಿ ಏನಾಯಿತೆಂದು ವಾಚಕರು ಕೇಳಬಹುದು. ಹಕೀಂ ಅಜ್ಮಲ್ ಖಾನರ ಹೆಸರು ಹೊತ್ತ ಅಜ್ಮಲಿನ್ ಯಾರನ್ನೂ ಶಾಂತಗೊಳಿಸಲಿಲ್ಲ. ಅದು ಹೃದಯದ ವಿದ್ಯುತ್ ಸಂಚಾರವನ್ನು ನಿಧಾನಗೊಳಿಸುತ್ತದೆಂದು ಮುಂದೆ ತಿಳಿದುಬಂದು, ಹೃದಯದ ತಾಳ ತಪ್ಪುವ ರೋಗಗಳಲ್ಲಿ ಬಳಕೆಗೆ ಬಂತು. ಹಠಾತ್ ಮರಣವನ್ನು ತರಬಲ್ಲ ಬ್ರುಗಾಡ ಎಂಬ ಆನುವಂಶಿಕ ಹೃದ್ರೋಗ ಮರೆಯಲ್ಲಿದೆಯೆಂಬ ಸಂದೇಹವುಂಟಾದಾಗ, ಯೂರೋಪಿನ ಆಸ್ಪತ್ರೆಗಳಲ್ಲಿ ಅಜ್ಮಲಿನ್ನನ್ನು ರಕ್ತನಾಳಕ್ಕೆ ಮೆಲ್ಲಗೆ ಕೊಡುತ್ತ ಹೃದಯದ ವಿದ್ಯುತ್‌ರೇಖೆಯನ್ನು ನೋಡುತ್ತಾರೆ. ಅದರ ಫಲ ನಿಮಿಷಗಳಲ್ಲಿ ಆ ಗೆರೆಯ ಮೇಲೆ ಮೂಡುತ್ತದೆ.